ಹಳೇ ಲ್ಯಾಪ್‌ಟಾಪಿನಲ್ಲಿ ಪೈಪ್ ಆರ್ಗನ್: ಗ್ರ್ಯಾಂಡ್‌ಆರ್ಗ್ ಜೊತೆ ಒಂದು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ನಾನು ಆರ್ಗನ್ ಕಲಿತವನಲ್ಲ. ಹಾರ್ಮೋನಿಯಂ ಮನೆಯವನು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅಜ್ಜನ ಕಾಲು ಹಾರ್ಮೋನಿಯಂ ಇನ್ನೂ ಇದೆ. ನಾಟಕ ಕಂಪನಿಗಳಲ್ಲಿ ಇರುತ್ತಿತ್ತಲ್ಲ, ಕುರ್ಚಿ ಮೇಲೆ ಕೂತು ಎರಡೂ ಕಾಲಲ್ಲಿ ತಿದಿ ಒತ್ತುತ್ತಾ ನುಡಿಸೋದು, ಅದು. ಈಗ ಅದರಲ್ಲಿ ಅರ್ಧ ಸ್ವರ ಹೊರಡುವುದಿಲ್ಲ, ಉಳಿದರ್ಧ ಒಮ್ಮೆ ಹೊರಟರೆ ನಿಲ್ಲುವುದಿಲ್ಲ. ಮಲೆನಾಡಿನ ಥಂಡಿ ಗೊತ್ತಲ್ಲ, ರೀಡಿಗೆ ಕಿಲುಬು, ಮರಕ್ಕೆ ಬೂಷ್ಟು, ತಿದಿಗೆ ಇಲಿ. ರಿಪೇರಿ ಮಾಡಿಸೋಣ ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಈ ನಡುವೆ ಒಂದು ರಾತ್ರಿ ಶಿವಮೊಗ್ಗದ ರೂಮಿನಲ್ಲಿ ಮೊಬೈಲ್ ನೋಡುತ್ತಾ ಬಿದ್ದುಕೊಂಡಿದ್ದಾಗ ಪರ್ಸಿ ವಿಟ್ಲಾಕ್ ಅನ್ನುವ ಇಂಗ್ಲೆಂಡಿನ ಆರ್ಗನ್ ಸಂಗೀತಗಾರನ ಒಂದು ಸ್ಕೆರ್ಟ್ಸೆಟ್ಟೊ, ಅಂದರೆ ಓಡುವ ಹಗುರ ಸಂಗೀತ, ಕಿವಿಗೆ ಬಿತ್ತು. (ಹೆಸರು ಹೇಳಿದಾಗ ಅಮ್ಮ ಕೇಳಿದ್ದು, "ವಿಟ್ಲದವನಾ?") ಸುಮಾರು ನಾಲ್ಕು ನಿಮಿಷದ ತುಣುಕು. ಪೈಪ್ ಆರ್ಗನ್ (ಚರ್ಚುಗಳಲ್ಲಿರುವ, ಸಾಲು ಸಾಲು ಕೊಳವೆಗಳಿಗೆ ಗಾಳಿ ಊದಿ ನುಡಿಸುವ ದೊಡ್ಡ ವಾದ್ಯ) ಅಂದರೆ ಸಿನಿಮಾದಲ್ಲಿ ದೆವ್ವ ಬರುವ ಮುಂಚೆ ಗುಂಯ್ ಅನ್ನುವ ಸದ್ದು ಅಂತಲೇ ಅಂದುಕೊಂಡಿದ್ದೆ. ಇದು ಹಾಗಿರಲಿಲ್ಲ. ಮನೆ ಹೆಂಚಿನ ಮೇಲೆ ಅಳಿಲು ಓಡಿದ ಹಾಗಿತ್ತು. ಅಷ್ಟು ದೊಡ್ಡ ಯಂತ್ರದಲ್ಲಿ ಇಷ್ಟು ಹಗುರ ಹೇಗಪ್ಪಾ ಅನ್ನೋ ಹುಳ ತಲೆಗೆ ಹೊಕ್ಕಿತು. ಅದನ್ನು ಕೈಯಲ್ಲೇ ಮುಟ್ಟಿ ನೋಡಬೇಕು ಅನ್ನಿಸಿತು. ಶಿವಮೊಗ್ಗದಲ್ಲಿ ಪೈಪ್ ಆರ್ಗನ್ ಎಲ್ಲಿಂದ ತರೋದು? ಹಾಗೆ ಸಿಕ್ಕಿದ್ದು ಗ್ರ್ಯಾಂಡ್‌ಆರ್ಗ್. ಮೂರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಇದು ಪುಕ್ಕಟೆ ಸಾಫ್ಟ್‌ವೇರ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕೋಡ್ ಕೂಡ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆದರೆ ಇದರೊಳಗೆ ಸದ್ದು ಜಾಸ್ತಿ ಇಲ್ಲ, ಒಂದು ಡೆಮೊ ಆರ್ಗನ್ ಬರುತ್ತದೆ ಅಷ್ಟೆ. ಉಳಿದದ್ದನ್ನು ನಾವೇ ಇಳಿಸಿಕೊಳ್ಳಬೇಕು. ಯುರೋಪಿನಲ್ಲಿ ಕೆಲವರು ಚರ್ಚಿಗೆ ಹೋಗಿ, ಅಲ್ಲಿರುವ ಆರ್ಗನ್ನಿನ ಒಂದೊಂದು ಪೈಪಿನ ಸ್ವರವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಸಾವಿರ ಪೈಪ್ ಇದ್ದರೆ ಸಾವಿರವನ್ನೂ. ಸ್ವರ ಶುರುವಾಗುವುದು, ನಿಂತು ನುಡಿಯುವುದು, ಬೆರಳು ಎತ್ತಿದ ಮೇಲೆ ಚರ್ಚಿನ ಗೋಡೆಗಳಲ್ಲಿ ಅದು ಕರಗುವುದು, ಎಲ್ಲವೂ ಅದರಲ್ಲಿರುತ್ತವೆ. ಇಂಥದ್ದಕ್ಕೆ ಸ್ಯಾಂಪಲ್ ಸೆಟ್ ಅನ್ನುತ್ತಾರೆ. ಕೆಲವು ಪುಕ್ಕಟೆ, ಕೆಲವಕ್ಕೆ ಒಳ್ಳೇ ಬೆಲೆ. ನಾವು ಕೀಬೋರ್ಡಿನಲ್ಲಿ ಒಂದು ಮನೆ (ಕೀ) ಒತ್ತಿದರೆ ಗ್ರ್ಯಾಂಡ್‌ಆರ್ಗ್ ಆ ಪೈಪಿನ ರೆಕಾರ್ಡಿಂಗ್ ನುಡಿಸುತ್ತದೆ. ಬೆರಳು ಎತ್ತಿದರೆ ಆ ಕರಗುವ ಬಾಲವನ್ನು ನುಡಿಸುತ್ತದೆ. ಆ ಬಾಲದ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನನ್ನ ಸಾಮಾನು: ಎಂಟು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಒಂದು 61 ಮನೆಯ ಕೀಬೋರ್ಡ್, ಯುಎಸ್‌ಬಿ ಕೇಬಲ್, ಕಿವಿ ಮುಚ್ಚುವ ಹೆಡ್‌ಫೋನ್. ಕೀಬೋರ್ಡನ್ನು ಮೊದಲು ಆನ್‌ಲೈನಿನಲ್ಲಿ ತರಿಸಿದ್ದೆ. ಎರಡು ಮನೆ ಸತ್ತೇ ಬಂದಿತ್ತು. ವಾಪಸ್ ಕಳಿಸಲು ಇಪ್ಪತ್ತು ದಿನ ಫೋನಿನಲ್ಲಿ ಗುದ್ದಾಡಿದೆ, ಅದರ ಕಥೆ ಬೇಡ ಬಿಡಿ. ಕೊನೆಗೆ ಗೆಳೆಯನ ಮಗ ಬಳಸಿ ಬಿಟ್ಟ ಕೀಬೋರ್ಡನ್ನೇ ನಾಲ್ಕು ಸಾವಿರಕ್ಕೆ ತಂದುಕೊಂಡೆ.

ಸೆಟ್ ಪೂರ್ತಿ ರ‍್ಯಾಮಿಗೆ ಹತ್ತಬೇಕು, ಅಲ್ಲೇ ಮೊದಲ ತೊಡಕು. ನಾನು ಇಳಿಸಿಕೊಂಡ ಸೆಟ್ ಎಂಟು ಜಿಬಿಯಲ್ಲಿ ಉಸಿರು ಕಟ್ಟಿಕೊಂಡು ಕೂತಿತು. ಸೆಟ್ಟಿಂಗ್ ಒಳಗೆ ಹೋಗಿ ರೆಕಾರ್ಡಿಂಗಿನ ಗುಣಮಟ್ಟವನ್ನು 16 ಬಿಟ್ಟಿಗೆ ಇಳಿಸಿ, ಕಂಪ್ರೆಷನ್ ಹಾಕಿ, ಬೇಡದ ಸ್ಟಾಪುಗಳನ್ನು (ಒಂದೊಂದು ಸಾಲು ಪೈಪನ್ನು ಕರೆಯುವ ಗುಂಡಿಗಳು) ಬಿಟ್ಟ ಮೇಲೆ ಸರಿಹೋಯಿತು. ಹೀಗೆ ಸಿದ್ಧವಾದ ಸೆಟ್ಟನ್ನು ಒಮ್ಮೆ ಕ್ಯಾಶ್ ಫೈಲ್ ಆಗಿ ಉಳಿಸಿಟ್ಟರೆ ಆಮೇಲೆ ಬೇಗ ತೆರೆಯುತ್ತದೆ. ಈ ಸವಲತ್ತುಗಳೆಲ್ಲ ಅದರಲ್ಲೇ ಇವೆ. ಹುಡುಕಬೇಕು ಅಷ್ಟೆ.

ಎರಡನೇ ತೊಡಕು ತಡ. ಇದು ನಿಜವಾದ ತಲೆನೋವು. ವಿಂಡೋಸಿನ ಮಾಮೂಲಿ ಸೌಂಡ್ ಡ್ರೈವರ್‌ನಲ್ಲಿ ಮನೆ ಒತ್ತಿದ ಎಷ್ಟೋ ಹೊತ್ತಿಗೆ ಸದ್ದು ಬರುತ್ತದೆ. ನಿಧಾನದ ಪ್ರಾರ್ಥನೆ ಹಾಡಿಗೆ ನಡೆದೀತು. ಓಡುವ ಸ್ಕೆರ್ಟ್ಸೆಟ್ಟೊಗೆ? ತಾಳ ಹಾಕುವವನು ಒಂದು ಊರಲ್ಲಿ, ಹಾಡುವವನು ಇನ್ನೊಂದು ಊರಲ್ಲಿ ಇದ್ದ ಹಾಗೆ. ಎಎಸ್ಐಒ4ಆಲ್ ಅನ್ನುವ ಪುಕ್ಕಟೆ ಡ್ರೈವರ್ ಹಾಕಿಕೊಂಡು, ಬಫರ್ (ಸದ್ದನ್ನು ಕೂಡಿಟ್ಟು ಕಳಿಸುವ ಜಾಗ) ಕಡಿಮೆ ಮಾಡಿದ ಮೇಲೆ ನನ್ನ ಯಂತ್ರದಲ್ಲಿ ತಡ ಹನ್ನೆರಡು ಮಿಲಿಸೆಕೆಂಡ್ ಹತ್ತಿರಕ್ಕೆ ಬಂತು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದಲ್ಲ, ಲೆಕ್ಕ ಹಾಕಿದರೆ ಇದು ಪೈಪಿನಿಂದ ನಾಲ್ಕು ಮೀಟರ್ ದೂರ ಕೂತ ಹಾಗೆ. ದೊಡ್ಡ ಚರ್ಚುಗಳಲ್ಲಿ ಪೈಪು ಹತ್ತು ಹದಿನೈದು ಮೀಟರ್ ಆಚೆಗೂ ಇರುತ್ತವೆ. ಅಂದರೆ ಅಲ್ಲಿ ನುಡಿಸುವವರೂ ದಿನಾ ಇದೇ ತಡದ ಜೊತೆ ಏಗುತ್ತಾರೆ. ಗೊತ್ತಾದಾಗ ಸ್ವಲ್ಪ ಸಮಾಧಾನ ಆಯಿತು.

ಸ್ಟಾಪುಗಳ ವಿಷಯಕ್ಕೆ ಬಂದರೆ ಹಾರ್ಮೋನಿಯಂನವರಿಗೆ ಸಲೀಸು. ನಮ್ಮ ಪೆಟ್ಟಿಗೆ ಮುಂದೆಯೂ ಗುಂಡಿ ಇರುತ್ತವೆ (ಕೆಲವು ಪೆಟ್ಟಿಗೆಗಳಲ್ಲಿ ಅರ್ಧ ಗುಂಡಿ ಸುಮ್ನೆ ಚೆಂದಕ್ಕೆ ಅನ್ನೋದು ಬೇರೆ ಮಾತು). ಇಲ್ಲಿ ಒಂದೊಂದು ಗುಂಡಿಗೆ ಒಂದೊಂದು ಸಾಲು ಪೈಪು. ಎಂಟಡಿ ಅಂದರೆ ಮಾಮೂಲಿ ಸ್ಥಾಯಿ. ಆ ಸಾಲಿನ ಎಲ್ಲಕ್ಕಿಂತ ಕೆಳಗಿನ ಸ್ವರದ ಪೈಪು ಸುಮಾರು ಎಂಟು ಅಡಿ ಉದ್ದ ಅಂತ ಆ ಹೆಸರು. ನಾಲ್ಕಡಿ ಅಂದರೆ ಒಂದು ಸ್ಥಾಯಿ ಮೇಲೆ, ಎರಡಡಿ ಅಂದರೆ ಎರಡು ಸ್ಥಾಯಿ ಮೇಲೆ, ಹದಿನಾರಡಿ ಅಂದರೆ ಒಂದು ಸ್ಥಾಯಿ ಕೆಳಗೆ. ಪೈಪುಗಳಲ್ಲಿ ಎರಡು ಜಾತಿ. ಕೊಳಲಿನ ಹಾಗೆ ಅಂಚಿಗೆ ಗಾಳಿ ಬಡಿದು ನುಡಿಯುವುದು ಒಂದು, ನಾಲಗೆ ಅದುರಿ ನುಡಿಯುವ ರೀಡ್ ಪೈಪ್ ಇನ್ನೊಂದು. ಹಗುರದ ಸಂಗೀತಕ್ಕೆ ಕೊಳಲು ಜಾತಿಯ ಎಂಟಡಿ, ನಾಲ್ಕಡಿ ಸಾಕು. ದೊಡ್ಡ ಪೈಪಿನೊಳಗೆ ಗಾಳಿ ತುಂಬಿ ಸ್ವರ ಏಳಲು ಹೊತ್ತು ಬೇಕು. ಓಡುವ ಸಂಗೀತಕ್ಕೆ ಅವನ್ನು ಕರೆದರೆ ಮದುವೆ ದಿಬ್ಬಣಕ್ಕೆ ಆನೆ ಕರೆದ ಹಾಗೆ, ಚೆಂದವೇನೋ ಹೌದು, ಆದರೆ ಮುಹೂರ್ತ ಮೀರುತ್ತದೆ.

ಸ್ಕೆರ್ಟ್ಸೊ ಅಂದರೆ ಇಟಾಲಿಯನ್ ಭಾಷೆಯಲ್ಲಿ ತಮಾಷೆ. ಸ್ಕೆರ್ಟ್ಸೆಟ್ಟೊ ಅಂದರೆ ಪುಟ್ಟ ತಮಾಷೆ. ಹೈಡನ್ ಅನ್ನುವ ಸಂಗೀತಗಾರ 1781ರ ತನ್ನ ಕ್ವಾರ್ಟೆಟ್‌ಗಳಲ್ಲಿ (ನಾಲ್ಕು ತಂತಿವಾದ್ಯಗಳ ಕೃತಿಗಳಲ್ಲಿ) ಗಂಭೀರವಾದ ಮಿನುಯೆಟ್ ನೃತ್ಯದ ಜಾಗದಲ್ಲಿ ಈ ಹೆಸರು ಬಳಸಿದ. ಆಮೇಲೆ ಬೀಥೋವನ್ ಅದಕ್ಕೆ ವೇಗ ಕೊಟ್ಟ, ಒರಟುತನವನ್ನೂ ಕೊಟ್ಟ. ಮೆಂಡೆಲ್‌ಸನ್ ಅದನ್ನು ಮಿಂಚುಹುಳು ಮಾಡಿಬಿಟ್ಟ. ಅಲ್ಲಿವರೆಗೆ ಎಲ್ಲಾ ವಾದ್ಯವೃಂದ, ಪಿಯಾನೊ, ಪಿಟೀಲಿನ ಮಾತು. ಆರ್ಗನ್ನಿಗೆ ಇದು ಒಗ್ಗುವ ವಸ್ತುವೇ ಅಲ್ಲ. ಪಿಯಾನೊದಲ್ಲಿ ಗಟ್ಟಿಯಾಗಿ ಹೊಡೆದರೆ ಸದ್ದು ಗಟ್ಟಿ, ಮೆತ್ತಗೆ ಮುಟ್ಟಿದರೆ ಮೆತ್ತಗೆ. ಆರ್ಗನ್ನಿನಲ್ಲಿ ಗುದ್ದಿದರೂ ಅಷ್ಟೇ, ಸವರಿದರೂ ಅಷ್ಟೇ. ಒಂದು ಸ್ವರಕ್ಕೆ ಒತ್ತು ಕೊಡಲು ದಾರಿಯೇ ಇಲ್ಲ. ಮೇಲಿಂದ ಕಲ್ಲಿನ ಚರ್ಚಿನ ಪ್ರತಿಧ್ವನಿ ಬೇರೆ, ಹಿಂದಿನ ಸ್ವರ ಹೋಗುವ ಮುಂಚೆ ಮುಂದಿನದು ಬಂದು ಎಲ್ಲಾ ಗೊಜ್ಜು.

ಹಾಗಾದರೆ ಇಂಗ್ಲಿಷರು ಇದನ್ನು ಹೇಗೆ ಸಾಧಿಸಿದರು? ನನ್ನ ಲೆಕ್ಕದಲ್ಲಿ ಎರಡು ಕಾರಣ. ಒಂದು ಸ್ವೆಲ್ ಬಾಕ್ಸ್. ಪೈಪುಗಳನ್ನು ದೊಡ್ಡ ಮರದ ಪೆಟ್ಟಿಗೆಯೊಳಗಿಟ್ಟು, ಅದರ ಬಾಗಿಲನ್ನು ಕಾಲಿನಿಂದ ತೆರೆದು ಮುಚ್ಚಿ ಸದ್ದು ಏರಿಸಿ ಇಳಿಸುವ ಉಪಾಯ. 1712ರಲ್ಲಿ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನಲ್ಲಿ ಜೋರ್ಡನ್ ಮನೆಯವರು ಇದನ್ನು ಇಂಗ್ಲೆಂಡಿನಲ್ಲಿ ಮೊದಲು ಮಾಡಿ ತೋರಿಸಿದರು. ಎರಡನೆಯದು ಚರ್ಚಿನ ಹೊರಗಿನ ಆರ್ಗನ್. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ದೊಡ್ಡ ಊರುಗಳು ತಮ್ಮ ಟೌನ್ ಹಾಲಿಗೇ ಆರ್ಗನ್ ಕಟ್ಟಿಸಿದವು. 1855ರಲ್ಲಿ ಲಿವರ್‌ಪೂಲಿನ ಸೇಂಟ್ ಜಾರ್ಜ್ಸ್ ಹಾಲಿಗೆ ಹೆನ್ರಿ ವಿಲ್ಲಿಸ್ ಕಟ್ಟಿದ ಆರ್ಗನ್ ಬಂತು, ಅಲ್ಲಿ ಡಬ್ಲ್ಯೂ. ಟಿ. ಬೆಸ್ಟ್ ಅನ್ನುವವರು ದಶಕಗಳ ಕಾಲ ವಾದ್ಯವೃಂದದ ಸಂಗೀತವನ್ನೆಲ್ಲ ಆರ್ಗನ್ನಿಗೆ ಇಳಿಸಿ ನುಡಿಸಿದರು. ಎದುರಿಗೆ ಕೂತವರು ಭಕ್ತರಲ್ಲ, ಟಿಕೆಟ್ ಕೊಂಡು ಬಂದ ಜನ. ಅವರ ಮುಂದೆ ಗಂಟೆಗಟ್ಟಲೆ ಬರೀ ಗಂಭೀರ ನುಡಿಸಿದರೆ ಎದ್ದು ಹೋಗುತ್ತಾರೆ ಅಲ್ವಾ?

ವಿಟ್ಲಾಕ್ ಚರ್ಚಿನ ಒಳಗೂ ಹೊರಗೂ ಕಾಲಿಟ್ಟವನು. 1903ರಲ್ಲಿ ಕೆಂಟ್ ಸೀಮೆಯ ಚಾಥಮ್‌ನಲ್ಲಿ ಹುಟ್ಟಿ, ರಾಚೆಸ್ಟರ್ ಕ್ಯಾಥೆಡ್ರಲ್‌ನಲ್ಲಿ ಹುಡುಗನಾಗಿದ್ದಾಗ ಹಾಡಿದ. ಲಂಡನ್ನಿನ ರಾಯಲ್ ಸಂಗೀತ ಕಾಲೇಜಿನಲ್ಲಿ ಸಂಗೀತ ರಚನೆಕಾರ ವಾನ್ ವಿಲಿಯಮ್ಸ್ ಹತ್ತಿರ ಕಲಿತ. ಅದೇ ಕ್ಯಾಥೆಡ್ರಲ್‌ನಲ್ಲಿ ಸಹಾಯಕ ಆರ್ಗನಿಸ್ಟ್ ಕೂಡ ಆಗಿದ್ದ. 1928ರಲ್ಲಿ ಕ್ಷಯ ಅಂತ ಗೊತ್ತಾಯಿತು. 1930ರಲ್ಲಿ ದಕ್ಷಿಣದ ಕಡಲತೀರದ ಬೋರ್ನ್‌ಮತ್‌ಗೆ ಹೋಗಿ ಒಂದು ಚರ್ಚಿನ ಕೆಲಸ ಹಿಡಿದ. ಆಮೇಲೆ ಅಲ್ಲಿನ ಪೆವಿಲಿಯನ್ ಅನ್ನುವ ರಂಗಮಂದಿರದ ಆರ್ಗನಿಸ್ಟ್ ಆದ. ಜನ ರಜೆಗೆ ಬರುವ ಊರು ಅದು. ಅಲ್ಲಿದ್ದದ್ದು 1929ರ ಕಾಂಪ್ಟನ್ ಆರ್ಗನ್, ನಾಲ್ಕು ಸಾಲು ಕೀಬೋರ್ಡಿನದು. ಕರೆಂಟಿನಿಂದ ನಡೆಯುವ ಯಂತ್ರ, ಒಂದೇ ಸಾಲು ಪೈಪನ್ನು ಬೇರೆ ಬೇರೆ ಸ್ಥಾಯಿಗೆ ಬಳಸಿಕೊಳ್ಳುವ ಜಾಣತನದ್ದು. ಮನೆ ಮುಟ್ಟಿದರೆ ಸಾಕು, ಪೈಪು ಓ ಅನ್ನುತ್ತಿತ್ತು. ಅಲ್ಲಿಂದ ಬಿಬಿಸಿ ರೇಡಿಯೊದಲ್ಲೂ ನುಡಿಸುತ್ತಿದ್ದ. ರೈಲು ಅಂದರೆ ಹುಚ್ಚು ಅವನಿಗೆ. ಶಿವಮೊಗ್ಗ–ತಾಳಗುಪ್ಪ ರೈಲಿನಲ್ಲಿ ಒಮ್ಮೆ ಕೂರಿಸಿದ್ದರೆ ಮಳೆಗಾಲದಲ್ಲಿ ಇಳಿಯುತ್ತಲೇ ಇರಲಿಲ್ಲವೇನೋ! 1946ರಲ್ಲಿ, ಇನ್ನೂ 42ನೇ ವಯಸ್ಸಿಗೆ, ತೀರಿಕೊಂಡ.

ನಾನು ಬೆನ್ನು ಹತ್ತಿದ ಸ್ಕೆರ್ಟ್ಸೆಟ್ಟೊ ಅವನ ಸಿ ಮೈನರ್ ಸೊನಾಟಾ ಅನ್ನುವ ನಾಲ್ಕು ಭಾಗದ ದೊಡ್ಡ ಕೃತಿಯ ಮೂರನೇ ಭಾಗ. ಸೊನಾಟಾ 1930ರ ದಶಕದ ನಡುವಿನದು. ಪೂರ್ತಿ ನುಡಿಸಿದರೆ ನಲವತ್ತು ನಿಮಿಷ ಹಿಡಿಯುತ್ತದೆ. ಮೊದಲ ಭಾಗ ಭಾರ, ಎರಡನೆಯದು ಕ್ಯಾನ್ಜೋನಾ ಅನ್ನುವ ಹಾಡು, ಕೊನೆಯದು ಕೋರಲ್ ಅನ್ನುವ ಉದ್ದನೆಯ ಭಾಗ. ನಡುವೆ ಈ ಪುಟ್ಟ ತಮಾಷೆ. ಬರೆದವರು ತೀರಿಕೊಂಡು ಅರವತ್ತು ವರ್ಷ ದಾಟಿದ್ದರಿಂದ ನಮ್ಮ ದೇಶದಲ್ಲಿ ಅವನ ಸಂಗೀತಕ್ಕೆ ಕಾಪಿರೈಟ್ ಇಲ್ಲ. ಹಾಗಾಗಿ ಸ್ವರಲಿಪಿ ಇಟ್ಟುಕೊಳ್ಳಲು ಹಿಂಜರಿಕೆ ಬೇಡ.

ಈಗ ಆ ಬಾಲದ ವಿಷಯ.

ಮೊದಲ ತಿಂಗಳು ನಾನು ನುಡಿಸಿದ್ದು ಕೇಳಿದರೆ ವಿಟ್ಲಾಕ್ ಗೋರಿಯಿಂದ ಎದ್ದು ರೈಲು ಹತ್ತಿಬಿಡುತ್ತಿದ್ದ. ಕಾಲು ಭಾಗ ವೇಗದಲ್ಲಿ ನುಡಿಸಿದರೂ ಗೊಜ್ಜು. ನನ್ನ ಯಂತ್ರದ್ದೇ ತಪ್ಪು ಅಂದುಕೊಂಡೆ, ಸೆಟ್ ಬದಲಿಸಿದೆ, ಬಫರ್ ಬದಲಿಸಿದೆ. ಗ್ರ್ಯಾಂಡ್‌ಆರ್ಗ್‌ನಲ್ಲೇ ರೆಕಾರ್ಡ್ ಮಾಡುವ ಗುಂಡಿ ಇದೆ. ಒಂದು ಭಾನುವಾರ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು, ತಪ್ಪು ಬೆರಳಿನದು. ಹಾರ್ಮೋನಿಯಂನಲ್ಲಿ ಸ್ವರ ಹಿಡಿದು ಎಳೆಯೋದು, ಒಂದರಿಂದ ಇನ್ನೊಂದಕ್ಕೆ ಅಂಟಿಸಿಕೊಂಡು ಹೋಗೋದೇ ಅಭ್ಯಾಸ. ಗಾಯಕರ ಹಿಂದೆ ಹೋಗುವವರಿಗೆ ಅದೇ ಶೋಭೆ. ಆರ್ಗನ್ನಿನ ಸ್ಕೆರ್ಟ್ಸೊದಲ್ಲಿ ಮನೆ ಯಾವಾಗ ಒತ್ತಿದೆ ಅನ್ನುವುದಕ್ಕಿಂತ ಯಾವಾಗ ಬಿಟ್ಟೆ ಅನ್ನುವುದೇ ಜಾಸ್ತಿ ಕೇಳುತ್ತದೆ. ಒತ್ತು ಕೊಡಲು ದಾರಿ ಇಲ್ಲ ಅಂದೆನಲ್ಲ, ದಾರಿ ಇದೇ. ಒಂದು ಸ್ವರಕ್ಕೆ ಮುಂಚೆ ಕೂದಲೆಳೆಯಷ್ಟು ಖಾಲಿ ಜಾಗ ಬಿಟ್ಟರೆ ಕಿವಿಗೆ ಆ ಸ್ವರ ಜೋರಾಗಿ ಬಂದ ಹಾಗೆ ಅನ್ನಿಸುತ್ತದೆ. ಸ್ವರವನ್ನು ಉದ್ದ ಹಿಡಿದರೆ ಭಾರ, ಬೇಗ ಬಿಟ್ಟರೆ ಹಗುರ. ಚರ್ಚಿನ ಗೋಡೆ ಉಳಿದ ಕೆಲಸ ಮಾಡುತ್ತದೆ. ನಾವು ಕಡಿದ ಸ್ವರವನ್ನು ಅದು ಉದ್ದ ಮಾಡಿ, ಎರಡರ ನಡುವಿನ ಜಾಗ ತುಂಬುತ್ತದೆ. ಹಾಗಾಗಿ ನುಡಿಸುವವರು ಒಣ ಕೋಣೆಯಲ್ಲಿ ಒಂದು ಥರ, ಕಲ್ಲಿನ ಚರ್ಚಿನಲ್ಲಿ ಇನ್ನೊಂದು ಥರ ಬೆರಳು ಬಿಡುತ್ತಾರೆ.

ಗ್ರ್ಯಾಂಡ್‌ಆರ್ಗ್ ಬಗ್ಗೆ ನನಗಿರುವ ದೊಡ್ಡ ಮೆಚ್ಚುಗೆ ಇಲ್ಲೇ. ಮಾಮೂಲಿ ಕೀಬೋರ್ಡಿನ 'ಚರ್ಚ್ ಆರ್ಗನ್' ಗುಂಡಿಯಲ್ಲಿ ಬೆರಳು ಎತ್ತಿದರೆ ಸ್ವರ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಇಲ್ಲದಿದ್ದರೆ ಎಲ್ಲದಕ್ಕೂ ಒಂದೇ ಥರದ ಪ್ರತಿಧ್ವನಿ ಬಳಿದಿರುತ್ತಾರೆ. ಇಲ್ಲಿ ಒಂದೊಂದು ಪೈಪಿಗೂ ಅದರದ್ದೇ ಬಾಲ. ಚೆನ್ನಾಗಿ ಮಾಡಿದ ಸೆಟ್‌ನಲ್ಲಿ ಚಿಕ್ಕದಾಗಿ ಮುಟ್ಟಿ ಬಿಟ್ಟರೆ ಒಂದು ಬಾಲ, ಹಿಡಿದು ಬಿಟ್ಟರೆ ಇನ್ನೊಂದು. ಅದಿಲ್ಲದೆ ಹೋಗಿದ್ದರೆ ನನ್ನ ಬೆರಳಿನ ಕೆಟ್ಟ ಚಾಳಿ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಈಗಲೂ ಪೂರ್ತಿ ವೇಗ ಬಂದಿಲ್ಲ, ಅರ್ಧ ದಾಟಿದ್ದೇನೆ ಅಷ್ಟೆ. ಆದರೆ ಗೊಜ್ಜು ಹೋಗಿ ಪಲ್ಯ ಆಗಿದೆ.

ಇದಕ್ಕೊಂದು ಬೆಲೆಯೂ ಇದೆ. ಸೆಕೆಂಡಿಗೆ ಹತ್ತು ಸ್ವರ, ಮೂರು ಸ್ಟಾಪ್, ಮೂರು ಸೆಕೆಂಡಿನ ಬಾಲ ಅಂತಿಟ್ಟುಕೊಳ್ಳಿ. ಯಾವ ಹೊತ್ತಿಗೂ ತೊಂಬತ್ತು ರೆಕಾರ್ಡಿಂಗ್ ಒಟ್ಟಿಗೆ ನುಡಿಯುತ್ತಿರಬೇಕು. ಸ್ಟಾಪ್ ಹೆಚ್ಚಿಸಿದರೆ ಇನ್ನೂರು ಮುನ್ನೂರು. ನನ್ನ ಲ್ಯಾಪ್‌ಟಾಪಿನ ಫ್ಯಾನ್ ಅಡಿಕೆ ಸುಲಿಯುವ ಮೆಷಿನ್ ಥರ ಕೂಗಲು ಶುರು ಮಾಡುತ್ತದೆ, ಮಧ್ಯೆ ಮಧ್ಯೆ ಚಟ್ ಚಟ್ ಅನ್ನುತ್ತದೆ. ಒಟ್ಟಿಗೆ ಎಷ್ಟು ರೆಕಾರ್ಡಿಂಗ್ ನುಡಿಯಬಹುದು ಅನ್ನುವ ಮಿತಿ (ಪಾಲಿಫನಿ) ಇಳಿಸಿಕೊಳ್ಳುವ ಸೆಟ್ಟಿಂಗ್ ಇದೆ, ಇಳಿಸಿದರೆ ಬಾಲಗಳು ಮೊಟಕಾಗುತ್ತವೆ. ಹೊಸ ಯಂತ್ರ ಇದ್ದವರಿಗೆ ಇದು ಸಮಸ್ಯೆಯೇ ಅಲ್ಲ.

ಪೆಡಲ್ ಕಥೆ ಹೇಳಲೇಬೇಕು. ಆರ್ಗನ್ನಿಗೆ ಕಾಲಿಗೂ ಒಂದು ಕೀಬೋರ್ಡ್ ಇರುತ್ತದೆ, ಎರಡೂವರೆ ಸ್ಥಾಯಿಯದು. ಕೊಳ್ಳುವ ಶಕ್ತಿ ನನಗಿಲ್ಲ. ಸತ್ತ ಎರಡು ಮನೆಯ ಆ ಮೊದಲ ಕೀಬೋರ್ಡ್ ಕೊನೆಗೂ ವಾಪಸ್ ಹೋಗಿರಲಿಲ್ಲವಲ್ಲ, ಅದನ್ನೇ ನೆಲದ ಮೇಲಿಟ್ಟು ಹೆಬ್ಬೆರಳಿನಲ್ಲಿ ಒತ್ತಲು ಶುರು ಮಾಡಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಎಂತ ಮಾರಾಯ ಇದು, ಸರಸ್ವತೀನ ಕಾಲಲ್ಲಿ ತುಳೀತಿಯಲ್ಲ" ಅಂದಳು. "ಅಜ್ಜನೂ ಕಾಲಲ್ಲೇ ಒತ್ತುತ್ತಿದ್ದರಲ್ಲ" ಅಂದೆ. "ಅವರು ಗಾಳಿ ತುಳೀತಿದ್ರು, ಸ್ವರ ಅಲ್ಲ" ಅಂದುಬಿಟ್ಟಳು. ಉತ್ತರ ಹೊಳೆಯಲಿಲ್ಲ. ಎರಡನೇ ವಾರ ಮೂರನೇ ಮನೆಯೂ ಮುರಿಯಿತು. ಈಗ ಕೆಳಗಿನ ಸ್ವರಗಳನ್ನು ಎಡಗೈಯಲ್ಲೇ ಸುಧಾರಿಸಿಕೊಳ್ಳುತ್ತೇನೆ. ಸಂಗೀತಕ್ಕೆ ಇದು ಅನ್ಯಾಯ, ಒಪ್ಪುತ್ತೇನೆ.

ಉಳಿದ ಕೊರತೆಗಳು: ಮೆನು ನೋಡಲು ಹತ್ತು ವರ್ಷ ಹಿಂದಿನ ಸಾಫ್ಟ್‌ವೇರ್ ಥರ ಇದೆ, ಚಿಕ್ಕ ಪರದೆಯಲ್ಲಿ ಗುಂಡಿಗಳು ಆಚೆ ಈಚೆ ಹೋಗುತ್ತವೆ. ಮೊದಲ ದಿನವೇ ಎಲ್ಲಾ ಅರ್ಥ ಆಗುತ್ತದೆ ಅಂತ ಕೂರಬೇಡಿ. ಇನ್ನೊಂದು, ವಿಟ್ಲಾಕ್ ಸಂಗೀತಕ್ಕೆ ಒಪ್ಪುವ ಇಂಗ್ಲಿಷ್ ಆರ್ಗನ್ ನನಗೆ ಪುಕ್ಕಟೆ ಸಿಗಲಿಲ್ಲ. ಹೆರೆಫೋರ್ಡ್, ಸಾಲಿಸ್ಬರಿ ಕ್ಯಾಥೆಡ್ರಲ್‌ಗಳ ವಿಲ್ಲಿಸ್ ಆರ್ಗನ್ನುಗಳ ಸೆಟ್ ಇವೆ, ಆದರೆ ಅವು ಹಾಪ್ಟ್‌ವರ್ಕ್ ಅನ್ನುವ ದುಡ್ಡಿನ ಸಾಫ್ಟ್‌ವೇರ್‌ಗೆ ಮಾಡಿದವು. ನಾನು ಬಳಸುತ್ತಿರುವುದು ಯುರೋಪಿನ ನಡುವಿನ ಕಡೆಯ ಒಂದು ಚರ್ಚಿನದು. ಅದರ ದನಿಯಲ್ಲಿ ಸ್ವಲ್ಪ ಖಾರ ಜಾಸ್ತಿ. ಸ್ವೆಲ್ ಬಾಕ್ಸ್ ಇದೆ, ಅದನ್ನು ಕೀಬೋರ್ಡಿನ ಚಕ್ರಕ್ಕೆ ಜೋಡಿಸಿಕೊಂಡಿದ್ದೇನೆ, ಆದರೆ ನುಡಿಸುವಾಗ ಚಕ್ರ ತಿರುಗಿಸಲು ಮೂರನೇ ಕೈ ಬೇಕು. ಕರೆಂಟ್ ವಿಷಯ ಕೇಳಲೇಬೇಡಿ. ಆಷಾಢದಲ್ಲಿ ಊರಲ್ಲಿ ಕರೆಂಟ್ ಇದ್ದರೆ ಹಬ್ಬ. ಬ್ಯಾಟರಿ ನಲವತ್ತು ನಿಮಿಷ ಬರುತ್ತದೆ, ಸೊನಾಟಾ ಒಂದು ಸಲ ಕೇಳಲು ಸರಿಯಾಗಿ ಸಾಕು.

ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗರಿಗೆ, ಹಾರ್ಮೋನಿಯಂ ಬಲ್ಲವರಿಗೆ, ಕಂಪ್ಯೂಟರ್ ಜೊತೆ ಗುದ್ದಾಡುವ ತಾಳ್ಮೆ ಇರುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಹಾಕಿಕೊಳ್ಳಿ. ಒಂದು ಗುಂಡಿ ಒತ್ತಿ ಹಾಡು ಹಾಕುವವರಿಗೆ ಬೇಡ. ಐದಕ್ಕೆ ನಾಲ್ಕು. ಹೆಡ್‌ಫೋನ್ ಮಾತ್ರ ಒಳ್ಳೇದೇ ತಗೊಳ್ಳಿ, ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಹದಿನಾರಡಿ ಪೈಪು ಸೊಳ್ಳೆಯ ಹಾಗೆ ಕೇಳುತ್ತದೆ.

ಹೋದ ತಿಂಗಳು ಪಕ್ಕದ ಮನೆಯ ಭಾಗವತರು ಬಂದಿದ್ದರು. ಎಪ್ಪತ್ತು ದಾಟಿದವರು, ಹಿಂದೆ ಮೇಳದಲ್ಲಿ ತಿರುಗಿದವರು. ಸೊನಾಟಾದ ರೆಕಾರ್ಡಿಂಗ್ ಹಾಕಿದೆ. ಮೊದಲ ಎರಡು ಭಾಗಕ್ಕೆ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಸ್ಕೆರ್ಟ್ಸೆಟ್ಟೊ ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, "ಓ, ಹಾಸ್ಯಗಾರ ಬಂದ" ಅಂದರು. "ಎರಡು ದೊಡ್ಡ ವೇಷದ ಮಧ್ಯೆ ಬರುತ್ತಾನಲ್ಲ, ಅವನೇ. ಕುಣಿಯೋದು ಹಗುರ, ಆದರೆ ಆ ವೇಷ ಯಾರಿಗೆ ಬೇಕಾದರೂ ಕಟ್ಟಲಿಕ್ಕಾಗೋದಿಲ್ಲ ಮಾರಾಯ." ನಾನು ಮೂರು ತಿಂಗಳಲ್ಲಿ ಕಲಿತದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು. ಆಮೇಲೆ ನಾನು ನುಡಿಸಿ ತೋರಿಸಿದೆ. ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದರಲ್ಲಿ ಕಪ್ಪು ಎರಡು ಸಿಗುತ್ತದಾ?" ಅಂತ ತಮ್ಮ ಶ್ರುತಿ ಕೇಳಿದರು. ಸಿಗುತ್ತದೆ. ಮನೆ ಒತ್ತಿ ಮೇಲೆ ಒಂದು ಪುಸ್ತಕ ಇಟ್ಟರಾಯಿತು, ಎಂಟಡಿ ಕೊಳಲಿನ ಷಡ್ಜ ಪಂಚಮ. ಚರ್ಚಿನ ಪ್ರತಿಧ್ವನಿಯಲ್ಲಿ ಅವರು ಒಂದು ಪದ ಎತ್ತಿಕೊಂಡರು, ಹೊರಗೆ ಮಳೆ ಹೊಯ್ಯುತ್ತಿತ್ತು. ಈಗ ವಾರಕ್ಕೆರಡು ಸಾಯಂಕಾಲ ಬರುತ್ತಾರೆ. ನಾಲ್ಕು ಜಿಬಿಯ ಚರ್ಚ್ ಆರ್ಗನ್ ನಮ್ಮ ಮನೆಯಲ್ಲಿ ಶ್ರುತಿಪೆಟ್ಟಿಗೆ ಆಗಿದೆ, ನನ್ನ ಸ್ಕೆರ್ಟ್ಸೆಟ್ಟೊ ಅಭ್ಯಾಸ ಅವರು ಎದ್ದು ಹೋದ ಮೇಲೆ, ಬ್ಯಾಟರಿ ಉಳಿದಿದ್ದರೆ.